ಚಂದಾದಾರರು ಲಭ್ಯವಿಲ್ಲ

ಶಿರಾಳಕೊಪ್ಪದ ಕಲ್ಯಾಣ ಮಂಟಪವೊಂದರಲ್ಲಿ, ಎಲೆಯ ಮೇಲೆ ಹೋಳಿಗೆ ಬಿದ್ದು ಅದರ ಮೇಲೆ ತುಪ್ಪ ಇನ್ನೂ ಬೀಳಬೇಕಾಗಿದ್ದ ಹೊತ್ತಿನಲ್ಲಿ, ನಾನು ಎದ್ದು ಹೊರಗೆ ಓಡಿದ್ದನ್ನು ನಮ್ಮ ನೆಂಟರು ಇವತ್ತಿಗೂ ಮರೆತಿಲ್ಲ. ಹೊಟ್ಟೆ ಕೆಟ್ಟಿದೆ ಎಂದು ಕೆಲವರು, ಹೆಣ್ಣಿನ ಕಡೆಯವರ ಮೇಲೆ ಮುನಿಸು ಎಂದು ಕೆಲವರು ತಿಳಿದುಕೊಂಡರು. ಎರಡೂ ಅಲ್ಲ. ಪಡುವಣದಲ್ಲಿ ಒಂದು ಸಣ್ಣ ಗುಡುಗು ಕೇಳಿಸಿತ್ತು, ಮತ್ತು ಶಿಕಾರಿಪುರದ ನಮ್ಮ ಮನೆಯಲ್ಲಿ ವೈಫೈ ಪೆಟ್ಟಿಗೆಯ ಪ್ಲಗ್ಗು ಗೋಡೆಯಲ್ಲೇ ಇತ್ತು.

ಬಲಗೈ ಎಂಜಲು. ಎಡಗೈಯಲ್ಲೇ ಮೊಬೈಲು ಒತ್ತಿ ಮನೆಯ ಫೋನಿಗೆ ಮಾಡಿದೆ. ಅಮ್ಮ ಎತ್ತಿದಳು.

"ಅಮ್ಮಾ, ಇಲ್ಲಿ ಗುಡುಗ್ತಾ ಇದೆ. ಅಲ್ಲಿಗೂ ಬರುತ್ತೆ. ಬೇಗ ಆ ಪ್ಲಗ್ ತೆಗಿ. ಆಮೇಲೆ..."

ಆಮೇಲೆ ಏನೆಂದು ಹೇಳುವ ಮೊದಲೇ ಫೋನು ಸತ್ತಿತು. ಆ ಫೋನಿಗೆ ಉಸಿರು ಬರುವುದೂ ಅದೇ ಪೆಟ್ಟಿಗೆಯಿಂದ. ತೆಗೆ ಎಂದೊಡನೆ ತೆಗೆದಿದ್ದಾಳೆ. ನನ್ನ ಮಾತನ್ನು ಅಮ್ಮ ಅಷ್ಟು ಚುರುಕಾಗಿ ನಡೆಸಿಕೊಟ್ಟಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ತೃಪ್ತಿಯಿಂದ ಒಳಗೆ ಬಂದು ನೋಡಿದರೆ ನನ್ನ ಎಲೆ ಎತ್ತಿ ಆಗಿತ್ತು.

ನಾನು ಹುಟ್ಟಾ ಹೀಗಿದ್ದವನಲ್ಲ. ಉಡುತಡಿಯ ಕಡೆಯ ನಮ್ಮ ಹಳ್ಳಿಯಲ್ಲಿ ಗುಡುಗಿದರೆ ಅದು ಅಜ್ಜಿಯ ಖಾತೆಗೆ ಸೇರಿದ ವಿಷಯವಾಗಿತ್ತು. ಅವಳು ಮೊದಲು ಕನ್ನಡಿಗೆ ಟವಲು ಮುಚ್ಚುತ್ತಿದ್ದಳು. ಆಮೇಲೆ ಕುಡುಗೋಲನ್ನು ಅಂಗಳಕ್ಕೆ ಎಸೆಯುತ್ತಿದ್ದಳು, ಸಿಡಿಲು ಕಬ್ಬಿಣ ಕಂಡು ಅಲ್ಲೇ ಕೂತುಬಿಡಲಿ ಎಂದು. ಕೊನೆಗೆ ನಮ್ಮನ್ನೆಲ್ಲ ನಡುಮನೆಯಲ್ಲಿ ಕಂಬಳಿಯ ಮೇಲೆ ಕೂರಿಸಿ, "ಹಲ್ಲು ಬಿಡಬ್ಯಾಡ್ರಿ, ಮಿಂಚಿಗೆ ಹೊಳೀತಾವು" ಎಂದು ಗದರಿಸುತ್ತಿದ್ದಳು. ಹಲ್ಲು ಬಿಡಬಾರದು ಎಂದ ಮೇಲೆ ಮಕ್ಕಳಿಗೆ ನಗು ತಡೆಯಲಾದೀತೆ? ಒಬ್ಬ ಕಿಸಕ್ಕೆಂದರೆ ಸಾಕು, ಕಂಬಳಿಯೆಲ್ಲ ಕುಲುಕುತ್ತಿತ್ತು. ಆ ಮನೆಯಲ್ಲಿ ಸಿಡಿಲಿಗೆ ಯಾವತ್ತೂ ಏನೂ ಸುಟ್ಟಿದ್ದಿಲ್ಲ. ಅದಕ್ಕೆ ಅಜ್ಜಿಯ ಕುಡುಗೋಲೇ ಕಾರಣವೆಂದು ಊರು ನಂಬಿತ್ತು. ಸುಡುವಂಥ ಸಾಮಾನೇ ಆ ಮನೆಯಲ್ಲಿರಲಿಲ್ಲ ಎಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ಹೊಳೆಯಿತು.

ಈಗಿನ ಮನೆಯಲ್ಲಿ ಸಾಮಾನಿದೆ. ಹೋದ ವರ್ಷದ ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ಹಿಂದಿನ ಬೀದಿಯ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ನಮ್ಮ ಹಜಾರದ ಗೋಡೆಯ ಪೆಟ್ಟಿಗೆ 'ಟಪ್' ಎಂದು ಒಂದೇ ಮಾತಾಡಿ, ಸುಟ್ಟ ವಾಸನೆ ಬಿಟ್ಟು, ಇದ್ದಬದ್ದ ಹಸಿರು ದೀಪಗಳನ್ನೆಲ್ಲ ಆರಿಸಿಕೊಂಡಿತು. ಹೊಸದನ್ನು ತಂದು ಕೂರಿಸಿದ ಕಂಪನಿಯಾತ ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದ್ದು ಇಷ್ಟೇ: "ಗುಡುಗು ಬಂದಾಗ ಕರೆಂಟಿನ ಪ್ಲಗ್ ಕಿತ್ತಿಡ್ರಿ ಸರ. ನಿಂತ ಮ್ಯಾಲೆ ಹಾಕ್ರಿ. ಅಷ್ಟರೀ."

ಅಷ್ಟೇ ಎಂಬ ಮಾತು ಮೇಷ್ಟರ ಕಿವಿಗೆ ಬೀಳುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವನು. ಒಂದು ಸಾಲಿನ ಉತ್ತರಕ್ಕೆ ಅರ್ಧ ಅಂಕವನ್ನೂ ಕೊಡದ ಜಾತಿ ನಮ್ಮದು. ಆತ ಹೇಳಿದ ಒಂದು ಸಾಲನ್ನು ಹಿಡಿದು ಸಂವಿಧಾನವನ್ನೇ ಕಟ್ಟಿದೆ. ಪ್ಲಗ್ಗು ಕಿತ್ತರೆ ಸಾಲದು, ಸ್ವಿಚ್ಚೂ ಆರಬೇಕು. ಸ್ವಿಚ್ಚು ಆರಿದರೆ ಸಾಲದು, ಹಿಂದಿನ ವೈರುಗಳೂ ಬರಬೇಕು. ವೈರು ಬಂದಮೇಲೆ ಪೆಟ್ಟಿಗೆ ಗೋಡೆಯಲ್ಲಿ ಯಾಕಿರಬೇಕು? ಅದನ್ನು ಬಿಚ್ಚಿ, ಅಪ್ಪನ ಹಳೆಯ ಪಂಚೆಯಲ್ಲಿ ಸುತ್ತಿ, ಅಕ್ಕಿ ಡಬ್ಬದ ಪಕ್ಕದಲ್ಲಿ ಮಲಗಿಸತೊಡಗಿದೆ.

ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ಸುಜಾತ ಒಂದು ಸಂಜೆ ಮನೆಗೆ ಬಂದು, ಪಂಚೆಯ ಗಂಟನ್ನು ನೋಡಿ, "ನಮ್ಮ ಮಗಳು ಹುಟ್ಟಿದಾಗ್ಲೂ ನೀವು ಇಷ್ಟು ಜೋಪಾನ ಮಾಡಿರ್ಲಿಲ್ಲ ಕಣ್ರೀ" ಎಂದಳು.

"ಮಗಳನ್ನ ಸಿಡಿಲಿಗೆ ಕೊಡೋಕಾಗುತ್ತಾ?" ಎಂದು ನಾನು ಏನೋ ಒಂದು ಉತ್ತರ ಕೊಟ್ಟೆ. ಅದು ಉತ್ತರವೇ ಅಲ್ಲವೆಂದು ನನಗೂ ಗೊತ್ತಿತ್ತು.

ಸಂವಿಧಾನಕ್ಕೆ ತಿದ್ದುಪಡಿಗಳು ಬರುವುದು ಸಹಜ. ಈ ವರ್ಷ ರಜೆ ಸುರುವಾಗುವ ಹೊತ್ತಿಗೆ ನನಗೆ ಗುಡುಗೇ ಬೇಕಾಗಿರಲಿಲ್ಲ, ಮೋಡ ಸಾಕಾಗಿತ್ತು. ಅಶ್ವಿನಿ ಮಳೆ ಮುಗಿದು ಭರಣಿ ಹಿಡಿಯುವ ಹೊತ್ತಿಗೆ ಮೋಡವೂ ಬೇಡವಾಗಿ, ಬರೀ ಸೆಕೆ ಸಾಕಾಯಿತು. ಮಧ್ಯಾಹ್ನ ಊಟ ಮಾಡಿ ಕೈ ತೊಳೆದವನೇ ಪೆಟ್ಟಿಗೆಯನ್ನು ಮಲಗಿಸಿ, ಪಕ್ಕದಲ್ಲೇ ಚಾಪೆ ಹಾಸಿ ನಾನೂ ಮಲಗುತ್ತಿದ್ದೆ. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಗುಡುಗಿನ ಹೊತ್ತಿಗೆ ಮೊಬೈಲೂ ಆರಿಸಬೇಕೆಂದು ಯಾರೋ ಬರೆದಿದ್ದರು. ಬರೆದವರು ಯಾರು, ಏಕೆ ಎಂದು ಕೇಳುವ ಅಭ್ಯಾಸ ಆ ಗುಂಪಿನಲ್ಲಿಲ್ಲ. ನಾನು ಅದನ್ನೂ ಆರಿಸುತ್ತಿದ್ದೆ. ಸಂಜೆ ಕತ್ತಲಾದ ಮೇಲೆ ಎಲ್ಲವನ್ನೂ ಮತ್ತೆ ಜೋಡಿಸಿದಾಗ, ಮಧ್ಯಾಹ್ನವೇ ಹೊರಟಿದ್ದ 'ಇನ್ನು ಸ್ವಲ್ಪ ಹೊತ್ತಿನಲ್ಲಿ ಗುಡುಗು ಸಹಿತ ಮಳೆ, ಎಚ್ಚರಿಕೆ' ಎಂಬ ಸಂದೇಶ ಟಿಣ್ ಎಂದು ಬಂದು ಬೀಳುತ್ತಿತ್ತು. ಎಚ್ಚರಿಕೆಗಿಂತ ಮೊದಲೇ ಎಚ್ಚತ್ತವನು ನಾನೆಂದು ಹೆಮ್ಮೆಪಡುತ್ತಿದ್ದೆ. ಪಕ್ಕದ ಮನೆಯ ಸಿದ್ದಪ್ಪನವರು ಯಾವ ಪ್ಲಗ್ಗನ್ನೂ ಯಾವತ್ತೂ ಕಿತ್ತವರಲ್ಲ. ಅವರ ಪೆಟ್ಟಿಗೆ ಈವರೆಗೆ ಸುಟ್ಟಿಲ್ಲ. ಇಂಥ ಅನ್ಯಾಯಗಳನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ಪ್ರತಿ ಗುಡುಗಿಗೂ ಅವರ ಮನೆಯ ಕಡೆ ಒಮ್ಮೆ ಕಿವಿಗೊಡುತ್ತಿದ್ದುದು ನಿಜ.

ಇಷ್ಟರಲ್ಲಿ ನಾನು ಒಂದು ಸಂಗತಿಯನ್ನು ಗಮನಿಸಿರಲಿಲ್ಲ. ಆ ಫೋನಿಗೆ ದಿನಾ ಬರುತ್ತಿದ್ದ ಕರೆ ಒಂದೇ ಒಂದು.

ಅಮ್ಮನ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ, ಸೊರಬದ ಆಚೆಯ ಒಂದು ಹಳ್ಳಿಯಲ್ಲಿ ಮಗ ಮಂಜಣ್ಣನ ಜೊತೆ ಇದ್ದಾಳೆ. ಗದ್ದೆ, ಶುಂಠಿ, ಸೊಸೆ, ಮೊಮ್ಮಕ್ಕಳು, ಎರಡು ಎಮ್ಮೆ, ಮನೆ ತುಂಬ ಗಲಾಟೆ. ದೊಡ್ಡಮ್ಮನಿಗೆ ಕಣ್ಣು ಮಂಜು. ಎದುರಿಗೆ ನಿಂತವರು ಗಂಡೋ ಹೆಣ್ಣೋ ಎಂಬಷ್ಟು ಕಾಣುತ್ತದೆ, ಯಾರೆಂದು ಕಾಣುವುದಿಲ್ಲ. ಅವಳ ಬೆರಳಿಗೆ ಬರುವುದು ಒಂದೇ ನಂಬರು, ನಮ್ಮ ಮನೆಯದು. ಫೋನಿನ ಗುಂಡಿಗಳನ್ನು ತಡವಿ, ಎಣಿಸಿ, ಒತ್ತುತ್ತಾಳೆ. ಈ ಕಾರಣಕ್ಕೇ ತಂತಿ ಹೋಗಿ ಗಾಜಿನೆಳೆಯ ಫೈಬರ್ ಬಂದಾಗಲೂ ಅಮ್ಮ ಹಟ ಹಿಡಿದು ಹಳೆಯ ನಂಬರನ್ನೇ ಉಳಿಸಿಕೊಂಡಿದ್ದಳು.

ಮಧ್ಯಾಹ್ನ ಊಟವಾಗಿ ಮನೆಯವರೆಲ್ಲ ಗದ್ದೆಗೋ ನಿದ್ದೆಗೋ ಹೋದಮೇಲೆ ದೊಡ್ಡಮ್ಮ ಕರೆ ಮಾಡುವುದು, ಅಮ್ಮ ಮಣೆ ಎಳೆದುಕೊಂಡು ಕೂತು ಎತ್ತುವುದು. ಬೆಕ್ಕು ಮರಿ ಹಾಕಿದ್ದು, ಸೊಸೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು, ಆನವಟ್ಟಿ ಬಸ್ಸಿನಲ್ಲಿ ಯಾರು ಬಂದರು, ಯಾರು ಬರಲಿಲ್ಲ. ದೊಡ್ಡವಳು ಮಾಡಬೇಕು, ಚಿಕ್ಕವಳು ಎತ್ತಬೇಕು. ಈ ಕ್ರಮ ಎಂದೂ ತಿರುಗುಮುರುಗಾಗಿದ್ದಿಲ್ಲ. ಅಮ್ಮನಾಗಿ ಎಂದೂ ಅಕ್ಕನಿಗೆ ಕರೆ ಮಾಡಿದವಳಲ್ಲ. ಅದು ಅಧಿಕಪ್ರಸಂಗವಾಗುತ್ತದೆ ಎಂಬುದು ಅವಳ ಲೆಕ್ಕ.

ನಮ್ಮ ಕಡೆ ಬೇಸಿಗೆಯ ಗುಡುಗು ಬರುವುದು ಯಾವ ಹೊತ್ತಿಗೆ ಎಂದು ನಿಮಗೆ ಗೊತ್ತೇ ಇದೆ.

ಅಮ್ಮ ಮಧ್ಯಾಹ್ನ ಮಣೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದುದನ್ನು ಚಾಪೆಯ ಮೇಲಿಂದ ನೋಡಿದ್ದೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದುಕೊಂಡಿದ್ದೆ. ಒಂದು ದಿನ ಅವಳೇ ಕೇಳಿದಳು, "ಏ ಪ್ರಕಾಶ, ಈ ಫೋನು ಸರಿ ಇದೆಯೇನೋ?"

"ಭಾಳ ಜೋಪಾನವಾಗಿದೆ ಅಮ್ಮ."

"ಸರಿ ಇದೆಯಾ ಅಂದೆ. ಜೋಪಾನವಾಗಿದೆಯಾ ಅನ್ಲಿಲ್ಲ."

ನಾನು ನಕ್ಕು ಮಗ್ಗುಲು ಬದಲಿಸಿದೆ. ಅಮ್ಮ ಒಳಗೊಳಗೇ ಬೇರೆ ಲೆಕ್ಕ ಹಾಕುತ್ತಿದ್ದಳು. ಹಿಂದಿನ ಸಲ ಮಾತಾಡುವಾಗ, ಅಕ್ಕ ಕಳಿಸಿದ ಹಲಸಿನ ಹಪ್ಪಳದಲ್ಲಿ ಖಾರ ಮುಂದಾಗಿದೆ ಎಂದು ಬಾಯಿ ತಪ್ಪಿ ಹೇಳಿದ್ದಳಂತೆ. ಅಕ್ಕ ಅದಕ್ಕೇ ಮುನಿಸಿಕೊಂಡು ಕರೆ ಮಾಡುತ್ತಿಲ್ಲ. ಮುನಿಸು ಇಳಿದ ಮೇಲೆ ಮಾಡುತ್ತಾಳೆ. ಅಲ್ಲಿಯವರೆಗೆ ಕೂತಿರುವುದು.

ಆ ಕಡೆ ಏನು ನಡೆಯುತ್ತಿತ್ತು ಎಂಬುದು ಮಂಜಣ್ಣನ ಬಾಯಿಂದ ಆಮೇಲೆ ತಿಳಿಯಿತು. ದೊಡ್ಡಮ್ಮ ದಿನಾ ನಂಬರು ಒತ್ತಿದ್ದಾಳೆ. ದಿನಾ ಒಬ್ಬ ಹುಡುಗಿಯ ರೆಕಾರ್ಡ್ ಮಾಡಿದ ದನಿ, 'ನೀವು ಕರೆ ಮಾಡಿದ ಚಂದಾದಾರರು ಲಭ್ಯವಿಲ್ಲ' ಎಂದಿದೆ. ಎರಡು ದಿನ ದೊಡ್ಡಮ್ಮ ಆ ಹುಡುಗಿಯ ಜೊತೆ ಜಗಳವಾಡಿದ್ದಾಳೆ. ಮೂರನೆಯ ದಿನ ಆ ಮಾತನ್ನೇ ಮೆಲ್ಲಗೆ ಮೆಲುಕು ಹಾಕಿ ನೋಡಿದ್ದಾಳೆ. ಲಭ್ಯವಿಲ್ಲ.

"ಮಂಜಾ, ಆ ಹುಡುಗಿ ಎಷ್ಟು ನಯವಾಗಿ ಹೇಳ್ತು ನೋಡಾ. ಲಭ್ಯವಿಲ್ಲ ಅಂದ್ರೆ ಎಂತ ಅರ್ಥ?"

"ಎಂತದೂ ಇಲ್ಲ ಅಮ್ಮ, ಗುಡುಗಿಗೆ ಫೋನ್ ಕೆಟ್ಟಿರ್ಬೇಕು. ಚಿಕ್ಕಮ್ಮ ಆರಾಮಿದಾರೆ. ನೀನು ಮಾತ್ರೆ ತಗೊಂಡು ಮಲ್ಗು."

ಮಂಜಣ್ಣ ಮಾಡಿದ ತಪ್ಪು ಇದೇ. ಹಿಂದೆ ದೊಡ್ಡಮ್ಮನ ಅಣ್ಣ ತೀರಿಕೊಂಡಾಗಲೂ ಅವಳ ಬಿಪಿಗೆ ಹೆದರಿ, 'ಮಾಮ ಆರಾಮಿದಾರೆ, ನೀನು ಮಾತ್ರೆ ತಗೊಂಡು ಮಲ್ಗು' ಎಂದೇ ಹೇಳಿದ್ದರು. ನಮ್ಮ ಮನೆತನದಲ್ಲಿ ಯಾರಾದರೂ ಆರಾಮಿದ್ದಾರೆ ಎಂದು ಎರಡು ಸಲ ಹೇಳಿದರೆ ಮೂರನೆಯ ಸಲ ಹೂವಿನವನನ್ನು ಹುಡುಕುವುದೇ ವಾಸಿ.

ಮಂಜಣ್ಣ ನನ್ನ ಮೊಬೈಲಿಗೂ ಮಾಡಿದ್ದಾನೆ. ಅದು ಆರಿತ್ತು. ಅವರ ಹಳ್ಳಿಯಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪೇಟೆಗೆ ಹೋದಾಗ ನನಗೆ ವಾಟ್ಸಾಪಿನಲ್ಲಿ ಕೇಳಿದ್ದಾನೆ: 'ಚಿಕ್ಕಮ್ಮ ಹೇಗಿದಾರೆ? ಅಮ್ಮ ಗಾಬರಿ ಆಗಿದಾಳೆ.' ಸಂಜೆ ಪೆಟ್ಟಿಗೆಗೆ ಜೀವ ಕೊಟ್ಟಾಗ ಬೀದಿಯ ಗುಂಪಿನ ಶುಭ ಸಂಜೆ, ಸಿಡಿಲಿನ ವಿಡಿಯೋ, ಯಾರದೋ ಹುಟ್ಟುಹಬ್ಬ, ಎಲ್ಲದರ ಜೊತೆ ಅದೂ ಬಂದಿರಬೇಕು. ಇಂಥ ಪ್ರವಾಹಕ್ಕೆ ನನ್ನ ಬಳಿ ಒಂದೇ ಉತ್ತರವಿದೆ. ಎರಡು ಕೈ ಮುಗಿದ ಚಿತ್ರ. ಅದನ್ನೇ ಸಾಲಾಗಿ ಎಲ್ಲರಿಗೂ ಒತ್ತುತ್ತಾ ಹೋದೆ. ಮಂಜಣ್ಣನಿಗೂ ಒತ್ತಿದೆ.

ಅವನು ಮನೆಗೆ ಹೋದಾಗ ದೊಡ್ಡಮ್ಮ ಕೇಳಿದ್ದಾಳೆ, "ಎಂತ ಅಂದ ಪ್ರಕಾಶ?"

ಮೊಮ್ಮಗಳು ಅಪ್ಪನ ಮೊಬೈಲು ಇಣುಕಿ, "ಏನೂ ಅನ್ನಲಿಲ್ಲ ಅಜ್ಜಿ, ಕೈ ಮುಗಿದಿದಾರೆ" ಎಂದಿದ್ದಾಳೆ.

"ಕೈ ಮುಗಿದ್ನಾ?" ಎಂದಳಂತೆ ದೊಡ್ಡಮ್ಮ. "ಹಾಗಾದ್ರೆ ಮುಗೀತು."

ಮಾರನೆಯ ದಿನ ಬೆಳಿಗ್ಗೆ, ತಿಂಡಿ ತಿಂದು ನಾನು ಬಾಗಿಲಲ್ಲಿ ಆಕಾಶ ಪರೀಕ್ಷೆ ಮಾಡುತ್ತಾ ನಿಂತಿದ್ದೆ. ಮನೆಯ ಮುಂದೆ ಒಂದು ವ್ಯಾನು ಬಂದು ನಿಂತಿತು. ಮೊದಲು ಮಂಜಣ್ಣ ಇಳಿದ, ಆಮೇಲೆ ಅವನ ಹೆಂಡತಿ, ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡ ಇಬ್ಬರು ಮುದುಕಿಯರು. ಕೊನೆಗೆ ಅವರ ಕೈ ಹಿಡಿದು ದೊಡ್ಡಮ್ಮ ಇಳಿದಳು. ಅವಳ ಕಂಕುಳಲ್ಲಿ ಬಾಳೆಲೆಯ ದೊಡ್ಡ ಪೊಟ್ಟಣ. ಎಲ್ಲರ ಕಣ್ಣೂ ಕೆಂಪು. ನೋಡಿದೊಡನೆ ನಾನು ಲೆಕ್ಕ ಹಾಕಿದೆ. ಸೊರಬದ ಕಡೆ ಯಾರೋ ತೀರಿಹೋಗಿದ್ದಾರೆ. ನಮಗೆ ಹೇಳಲು ಇಷ್ಟು ದೂರ ಬಂದಿದ್ದಾರೆ.

ನಾನು ಓಡಿಹೋಗಿ ದೊಡ್ಡಮ್ಮನ ಕೈ ಹಿಡಿದೆ. "ದೊಡ್ಡಮ್ಮ, ಧೈರ್ಯ ತಗೊಳ್ಳಿ. ಎಷ್ಟೊತ್ತಿಗಾಯ್ತು?"

"ಅಯ್ಯೋ, ನನ್ನ ಕೇಳ್ತೀಯನಾ ಮಾರಾಯ? ನೀನಲ್ವನಾ ಹೇಳ್ಬೇಕು" ಎಂದು ಅವಳು ಗೊಳೋ ಎಂದಳು. "ಒಂದು ಮಾತು ಹೇಳಿ ಕಳಿಸ್ಬಾರ್ದಿತ್ತಾ? ಕಣ್ಣಿಲ್ಲದ ಮುದುಕಿ, ಮುಖ ನೋಡಿ ಎಂತ ಮಾಡ್ತಾಳೆ ಅಂದ್ಕಂಡ್ಯಾ?"

ನಾನು ಮಂಜಣ್ಣನನ್ನು ನೋಡಿದೆ. ಮಂಜಣ್ಣ ನನ್ನನ್ನು ನೋಡಿದ. ಸಿದ್ದಪ್ಪನವರು ಕಾಂಪೌಂಡಿನ ಆಚೆಯಿಂದ ಇಬ್ಬರನ್ನೂ ನೋಡಿ, ಹೆಗಲ ಟವಲನ್ನು ಮೆಲ್ಲಗೆ ಕೈಗೆ ತೆಗೆದುಕೊಂಡರು.

ಅಮ್ಮ ಆಗ ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದಳು. ಬಿಸಿಲಿಗೆಂದು ತಲೆಯ ಮೇಲೆ ಒಂದು ಬಿಳಿ ಬಟ್ಟೆ ಹೊದ್ದಿದ್ದಳು. ಕೆಳಗೆ ಅಳು ಕೇಳಿ, ಕೈಯ ಹಿಟ್ಟನ್ನೂ ತೊಳೆಯದೆ ಮೆಟ್ಟಿಲಿಳಿದು ಬಂದಳು. "ಯಾರೋ ಅದು? ಏನಾಯ್ತೋ?"

ದೊಡ್ಡಮ್ಮನ ಅಳು ನಡುವೆಯೇ ನಿಂತಿತು. ಅವಳ ಮಂಜುಗಣ್ಣಿಗೆ ಒಂದು ಬೆಳ್ಳಗಿನ ಆಕಾರ ಕಂಡಿರಬೇಕು. ದನಿ ಮಾತ್ರ ಗುರುತಿನದು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಯಾರದು?"

"ನಾನೇ ಅಕ್ಕ."

"ನಾನೇ ಅಂದ್ರೆ?"

"ಸರೋಜ ಕಣೆ. ಯಾಕೆ ಅಳ್ತಿದೀಯ? ಮನೇಲೆಲ್ಲ ಹುಷಾರಿದಾರಾ?"

ದೊಡ್ಡಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಮ್ಮ ಹತ್ತಿರ ಬಂದು ಬಗ್ಗಿದಾಗ, ಫೋನಿನ ಗುಂಡಿ ತಡವುವ ಹಾಗೆಯೇ ಅವಳ ಮುಖವನ್ನು ತಡವಿದಳು. ಹಣೆ, ಮೂಗು, ಮೂಗುಬೊಟ್ಟು, ಗಲ್ಲದ ಮಚ್ಚೆ. ಎರಡು ಸಲ ತಡವಿದಳು. ಆಮೇಲೆ ಕಪಾಳಕ್ಕೆ ಒಂದು ಸಣ್ಣ ಏಟು ಕೊಟ್ಟಳು. "ಬದುಕಿದ್ದು ಫೋನ್ ಎತ್ತಾದಿಲ್ವನೆ ನೀನು?"

"ನೀನು ಮಾಡಿದ್ರಲ್ವಾ ಎತ್ತೋದು? ಹಪ್ಪಳಕ್ಕೆ ಸಿಟ್ಟು ಮಾಡ್ಕಂಡಿದೀಯ ಅಂತ ಕಾಯ್ತಾ ಕೂತಿದೀನಿ."

"ಯಾವ ಹಪ್ಪಳ?"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಕಾಣದ ದೊಡ್ಡಮ್ಮನೂ ಸರಿಯಾಗಿ ನಾನಿದ್ದ ದಿಕ್ಕಿಗೇ ತಿರುಗಿದ್ದು ನನಗೆ ಈಗಲೂ ಆಶ್ಚರ್ಯ.

ಹಜಾರದಲ್ಲಿ ಎಲ್ಲರಿಗೂ ಕಾಫಿಯಾಗುವ ಹೊತ್ತಿಗೆ ಕಥೆಯ ಎರಡು ತುಂಡುಗಳೂ ಸೇರಿದ್ದವು. ಸುಜಾತ ಕಚೇರಿಗೆ ಹೊರಟವಳು ನಿಂತು ಪೂರ್ತಿ ಕೇಳಿಸಿಕೊಂಡಳು. ಬಾಳೆಲೆಯ ಪೊಟ್ಟಣ ದೊಡ್ಡಮ್ಮನ ತೊಡೆಯ ಮೇಲೇ ಇತ್ತು. ಅಮ್ಮ ಅದನ್ನು ಬಿಚ್ಚಿದಳು. ದಪ್ಪನೆಯ ಸೇವಂತಿಗೆ ಹಾರ.

"ಇದ್ಯಾರಿಗಕ್ಕ?"

ಮಂಜಣ್ಣ ಕಾಫಿಲೋಟದ ತಳವನ್ನು ನೋಡತೊಡಗಿದ. "ದೇವರಿಗೆ" ಎಂದಳು ದೊಡ್ಡಮ್ಮ ಕೊನೆಗೆ.

ಅಮ್ಮ ಹಾರವನ್ನು ಎತ್ತಿ ಹಿಡಿದು ಉದ್ದ ನೋಡಿದಳು. "ನಮ್ಮನೆ ದೇವರಿಗೆ ಇದು ದೊಡ್ಡದಾಯ್ತು" ಎಂದಳು. "ಈ ಮಹಾನುಭಾವನಿಗೆ ಹಾಕು. ಮನೆ ಜನ ಹೋದ್ರೂ ಡಬ್ಬಿ ಉಳಿಸ್ದ."

ಹಾಕಿದರು. ಸುಜಾತ ಫೋಟೋ ತೆಗೆದಳು. ಸಿದ್ದಪ್ಪನವರು ಟವಲನ್ನು ಮತ್ತೆ ಹೆಗಲಿಗೇರಿಸಿಕೊಂಡು, "ಏನ್ ಸರ, ಸನ್ಮಾನನಾ?" ಎಂದು ಕೇಳಿ ಹೋದರು. ನಾನು ಹಲ್ಲು ಬಿಡಲಿಲ್ಲ.

ಮಂಜಣ್ಣನ ವ್ಯಾನು ಹಿಂದಿರುಗಿತು. ದೊಡ್ಡಮ್ಮ ಉಳಿದಳು. ಅಕ್ಕತಂಗಿಯರ ಬಾಕಿ ಮಾತೆಲ್ಲ ತೀರಲಿ ಎಂದು ಎಲ್ಲರೂ ಹಾರೈಸಿದರು. ಮಾತು ತೀರಿತು, ನಾವು ಎಣಿಸಿದ್ದಕ್ಕಿಂತ ಬೇಗ. ಮೊದಲ ದಿನ ಬೆಕ್ಕು, ಬಸ್ಸು ಎಲ್ಲ ಬಂದವು. ಮರುದಿನ ಅವರ ತಾಯಿಯ ಕಿವಿಯ ಬುಗುಡಿ ಯಾರಿಗೆ ಸೇರಬೇಕಿತ್ತು ಎಂಬ ಮಾತು ಬಂತು. ಫೋನಿನಲ್ಲಿ ಎಂದೂ ಎದ್ದಿರದ ವಿಷಯ ಅದು. ಅದರ ಮರುದಿನ ಅಡುಗೆ ಮನೆಯಲ್ಲಿ ಒಬ್ಬರು ಈ ಗೋಡೆ, ಒಬ್ಬರು ಆ ಗೋಡೆ ನೋಡಿಕೊಂಡು ಕೂತಿದ್ದರು. ಮಧ್ಯಾಹ್ನ ಒಳ್ಳೆಯ ಗುಡುಗೂ ಬಂತು. ನಾನು ಎದ್ದು ಪ್ಲಗ್ಗೊಂದನ್ನು ಮಾತ್ರ ಕಿತ್ತು ಬಂದೆ. ಪಂಚೆಯ ಸುದ್ದಿ ಎತ್ತುವ ಧೈರ್ಯ ನನಗಿರಲಿಲ್ಲ. ಅಕ್ಕತಂಗಿಯರು ಮಾತ್ರ ಗುಡುಗಿಗಿಂತ ಗಟ್ಟಿಯಾಗಿ ಸುಮ್ಮನಿದ್ದರು.

"ನನ್ನ ಊರಿಗೆ ಬಿಟ್ಟು ಬಾ ತಮ್ಮ" ಎಂದಳು ದೊಡ್ಡಮ್ಮ ಸಂಜೆ. "ಇವಳ ಜೊತೆ ಫೋನಲ್ಲೇ ಲೇಸು. ಬ್ಯಾಡ ಅನ್ಸಿದ್ರೆ ಇಡ್ಬೌದು."

"ಇಡು, ಯಾರು ಬೇಡ ಅಂದ್ರು" ಎಂದಳು ಅಮ್ಮ ಒಳಗಿನಿಂದ.

ಆದರೆ ಫೋನಿನ ಸಮಸ್ಯೆ ಹಾಗೇ ಇತ್ತು. ಮಧ್ಯಾಹ್ನ ಪ್ಲಗ್ಗು ಕೀಳದಿದ್ದರೆ ಪೆಟ್ಟಿಗೆ ಹೋಗುತ್ತದೆ. ಪೆಟ್ಟಿಗೆ ಹೋದರೆ ಹೊಸದು ಬರುವವರೆಗೆ ಮತ್ತೆ ಆ ಹುಡುಗಿಯೇ ಗತಿ. ನಾನು ಈ ಇಕ್ಕಟ್ಟನ್ನು ದೊಡ್ಡಮ್ಮನಿಗೆ ವಿವರವಾಗಿ ಪಾಠ ಮಾಡುತ್ತಿದ್ದೆ. ಸುಜಾತ ಟಿಫನ್ ಡಬ್ಬಿ ತೊಳೆಯುತ್ತಾ ಹೇಳಿದಳು, "ಗುಡುಗು ಬರೋದು ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಮಾತಾಡಿ."

ನಾನು ಪಾಠ ನಿಲ್ಲಿಸಿದೆ. ಇಷ್ಟು ಚಿಕ್ಕ ಉತ್ತರಕ್ಕೆ ಅಂಕ ಕೊಡದೆ ಬೇರೆ ದಾರಿಯಿರಲಿಲ್ಲ. ಆದರೆ ಅಕ್ಕತಂಗಿಯರು ಮೂರು ದಿನದಲ್ಲಿ ಮೊದಲ ಸಲ ಒಂದೇ ಪಕ್ಷವಾದರು.

"ಬೆಳಿಗ್ಗೆ ಎಂತ ಮಾತಾಡೂದು?" ಎಂದಳು ದೊಡ್ಡಮ್ಮ.

"ಹೌದಲ್ಲ, ಬೆಳಿಗ್ಗೆ ಇನ್ನೂ ಏನೂ ಆಗಿರೋದೇ ಇಲ್ಲ" ಎಂದಳು ಅಮ್ಮ.

ಮರುದಿನ ದೊಡ್ಡಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಮನೆ ಮುಟ್ಟಿಸಿ ಬಂದೆ. ದಾರಿಯುದ್ದಕ್ಕೂ ತಂಗಿಯ ಮೇಲೆ ದೂರು ಹೇಳಿದಳು. ಸೊರಬ ದಾಟಿದ ಮೇಲೆ ದೂರು ಮುಗಿದು, "ಸೊರಗಿದಾಳೆ ಅಲ್ವನಾ? ಗಲ್ಲ ಕೈಗೆ ಸಿಗ್ಲಿಲ್ಲ" ಎಂದಳು.

ಅದರ ಮಾರನೆಯ ಬೆಳಿಗ್ಗೆ ಆಕಾಶ ಒರೆಸಿಟ್ಟ ಹಾಗಿತ್ತು. ಅಮ್ಮ ದೋಸೆ ಹಾಕುತ್ತಿದ್ದಳು. ಫೋನು ಹೊಡೆದುಕೊಂಡಿತು. ಕಾವಲಿಯ ಮೇಲಿನ ದೋಸೆಯನ್ನು ಹಾಗೇ ಬಿಟ್ಟು, ಮಣೆಯನ್ನೂ ಎಳೆದುಕೊಳ್ಳದೆ, ನಿಂತೇ ಎತ್ತಿದಳು. ಆ ಕಡೆಯಿಂದ ಏನೋ ಕೇಳಿರಬೇಕು.

"ಹೂಂ. ಇದೀನಿ" ಎಂದಳು ಅಮ್ಮ. ಸ್ವಲ್ಪ ತಡೆದು, "ನೀನು?" ಎಂದಳು. ಕೇಳಿಸಿಕೊಂಡು, ಫೋನಿಟ್ಟು, ಒಲೆಯ ಮುಂದೆ ಬಂದು ದೋಸೆ ತಿರುವಿದಳು. ಅದು ಇನ್ನೂ ಸೀದಿರಲಿಲ್ಲ.

"ಇಷ್ಟೇನಾ ಅತ್ತೆ?" ಎಂದಳು ಸುಜಾತ.

"ಬೆಳಿಗ್ಗೆಗೆ ಇಷ್ಟು ಸಾಕು" ಎಂದಳು ಅಮ್ಮ. "ಉಳಿದಿದ್ದು ಮಳೆಗಾಲ ಹಿಡಿದು ಗುಡುಗು ನಿಂತ ಮೇಲೆ."